ಅನಸೂಯಮ್ಮನವರ ಕಣ್ಣಿಗೆ ಹೊಂದಿಸಿದ ಟಿ.ವಿ.

ಚಿಕ್ಕಬಳ್ಳಾಪುರದ ಬಜಾರ್ ರಸ್ತೆಯಲ್ಲಿ ಮ್ಯಾಚಿಂಗ್ ಸೆಂಟರುಗಳಿಗೇನೂ ಬರವಿರಲಿಲ್ಲ. ಆದರೂ ಹೊಸ ಸೀರೆ ಕಂಕುಳಲ್ಲಿಟ್ಟುಕೊಂಡು ಬಸ್ಸಿಳಿದ ಹೆಂಗಸರು ಮಿಕ್ಕ ಅಂಗಡಿಗಳನ್ನೆಲ್ಲ ದಾಟಿಕೊಂಡು ಅನಸೂಯಮ್ಮನವರ ಅಂಗಡಿಗೇ ಬರುತ್ತಿದ್ದರು. ಅಲ್ಲಿ ಕನ್ನಡಿ, ಥಳಕು, ತಣ್ಣನೆಯ ಗಾಳಿ ಏನೂ ಇರಲಿಲ್ಲ. ಗೋಡೆಯುದ್ದಕ್ಕೂ ರವಿಕೆ ಬಟ್ಟೆಯ ಸುರುಳಿಗಳು, ಗಲ್ಲಾದ ಮೇಲೆ ಬುದ್ಧನದೊಂದು ಪಟ, ಕೂರಲು ಮರದ ಸ್ಟೂಲು, ಒಂದು ದೊಡ್ಡ ಕತ್ತರಿ, ಇಷ್ಟೇ. ಜನ ಬರುತ್ತಿದ್ದುದು ಅನಸೂಯಮ್ಮನವರ ಕಣ್ಣನ್ನು ನಂಬಿಕೊಂಡು.

ಆ ಕಣ್ಣಿಗೆ ಕೆಂಪು ಎಂಬುದೊಂದು ಬಣ್ಣವೇ ಅಲ್ಲ. ದಾಸವಾಳದ ಕೆಂಪು ಬೇರೆ, ಇಟ್ಟಿಗೆಯ ಕೆಂಪು ಬೇರೆ, ಒಣಮೆಣಸಿನಕಾಯಿಯದು ಇನ್ನೂ ಬೇರೆ. ಗಿರಾಕಿ ಸೆರಗು ಬಿಡಿಸುವುದರೊಳಗೆ ಇವರ ಕೈ ಸರಿಯಾದ ಸುರುಳಿಯ ಮೇಲಿರುತ್ತಿತ್ತು. ಆದರೆ ಅಂಗಡಿಯೊಳಗೆ ಎಂದೂ ತೀರ್ಮಾನವಾಗುತ್ತಿರಲಿಲ್ಲ. ಸೀರೆ, ಬಟ್ಟೆ ಎರಡನ್ನೂ ಎತ್ತಿಕೊಂಡು ರಸ್ತೆಗಿಳಿದು, ಬಿಸಿಲಿಗೆ ಹಿಡಿದು, ಒಂದರ ಮೇಲೊಂದು ಹಾಸಿ ನೋಡಿ, ಆಮೇಲೆಯೇ ಹೂಂ ಎನ್ನುತ್ತಿದ್ದರು. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡಿ ಕೊಡುವ ಅಂಗಡಿಯವರ ಬಗ್ಗೆ ಅವರಿಗೆ ಹೇಳತೀರದ ಸಿಟ್ಟು. ಅವರು ಹೂಂ ಎಂದ ಮೇಲೆ ಕತ್ತರಿ ಬೀಳುತ್ತಿತ್ತು, ಕತ್ತರಿ ಬಿದ್ದ ಬಟ್ಟೆ ವಾಪಸ್ಸಿಲ್ಲ. ವಾಪಸ್ ತರುವ ಪ್ರಮೇಯವೂ ಯಾರಿಗೂ ಬಂದಿರಲಿಲ್ಲ.

ಮನೆಯಲ್ಲಂತೂ ಆ ಕಣ್ಣಿಗೆ ಮೇಲ್ಮನವಿಯೇ ಇರಲಿಲ್ಲ. ಗಂಡ ಮುನಿಶಾಮಿ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತರು, ಸಾಧು ಮನುಷ್ಯ. ಒಂದು ಸಲ ಆಸೆಪಟ್ಟು ತಲೆಗೆ ಬಣ್ಣ ಹಚ್ಚಿಕೊಂಡು ಬಂದರೆ, ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, "ಇದು ಕಪ್ಪಲ್ಲ ಕಣ್ರೀ, ಬದನೆಕಾಯಿ ಬಣ್ಣ" ಎಂದುಬಿಟ್ಟರು. ಪಾಪ, ಅವರು ಮತ್ತೆ ಆ ಗೋಜಿಗೆ ಹೋಗಲಿಲ್ಲ. ತಾವು ಹಾಕಿಕೊಂಡದ್ದು ಯಾವ ಬಣ್ಣದ ಅಂಗಿ ಎಂದು ಕೇಳಿದರೂ ಹೆಂಡತಿಯ ಕಡೆ ನೋಡಿ ಉತ್ತರ ಹೇಳುವ ಮಟ್ಟಕ್ಕೆ ಬಂದಿದ್ದರು.

ಇಂಥ ಅನಸೂಯಮ್ಮನವರ ಅಂಗಡಿಗೆ ಎರಡು ಸಾವಿರದ ಎಂಟು ಮುಗಿದು ಒಂಬತ್ತು ಹುಟ್ಟುವ ಹೊತ್ತಿಗೆ ಎರಡು ಬಟ್ಟೆ ವಾಪಸ್ ಬಂದವು. ಒಂದು, ಕಡು ನೀಲಿ ಸೀರೆಗೆ ಕೊಟ್ಟ ರವಿಕೆ ಬಟ್ಟೆ. ಹೊಲಿಸಿ ತೊಟ್ಟ ಮೇಲೆ ಅಪ್ಪಟ ಕಪ್ಪು ಎಂದು ಗೊತ್ತಾಗಿತ್ತು. ಇನ್ನೊಂದು, ಹಾಲುಬಿಳಿ ಸೀರೆಗೆ ಕೊಟ್ಟ ಕೆನೆಬಣ್ಣದ್ದು. ತಂದವರು ಜಗಳವಾಡಲಿಲ್ಲ. "ಅವಸರದಲ್ಲಿ ಕೈ ತಪ್ಪಿರ್ಬೇಕು ಬಿಡಿ ಅಮ್ಮ" ಎಂದು ಅವರೇ ನಾಚಿಕೊಂಡರು. ಜಗಳವಾಡಿದ್ದರೇ ವಾಸಿಯಿತ್ತು. ಅನಸೂಯಮ್ಮ ಮಿಲ್ಲಿನವರ ಬಣ್ಣ ಸರಿಯಿಲ್ಲವೆಂದು ಬೈದರು, ಅಂಗಡಿಯ ಬಲ್ಬುಗಳನ್ನು ಬದಲಾಯಿಸಿದರು, ಕೊನೆಗೆ ಆ ವರ್ಷದ ಮಂಜನ್ನೂ ಬಿಡಲಿಲ್ಲ.

"ಒಂದ್ಸಲ ಕಣ್ಣು ತೋರಿಸ್ಕೊಂಡು ಬರಣ" ಎಂದು ಮುನಿಶಾಮಿ ಮೆಲ್ಲಗೆ ಎತ್ತಿದರು.

"ನನ್ನ ಕಣ್ಣಿಗೇನಾಗಿದೆ? ತನ್ನಿ ಸೂಜಿ" ಎಂದು ಅನಸೂಯಮ್ಮ ಒಂದೇ ಏಟಿಗೆ ದಾರ ಪೋಣಿಸಿ ಗಂಡನ ಮೂಗಿನ ಮುಂದೆ ಹಿಡಿದರು.

ದಾರವನ್ನೇನೋ ಪೋಣಿಸಿದ್ದರು, ಒಳಗಿನ ಅಳುಕು ಹೋಗಲಿಲ್ಲ. ಬಟ್ಟೆ ಎಲ್ಲ ಅಂಗಡಿಯಲ್ಲೂ ಅದೇ ಮಿಲ್ಲಿನದು. ಈ ಅಂಗಡಿಯಲ್ಲಿ ಮಾತ್ರ ಸಿಗುತ್ತಿದ್ದುದು ಅವರ ಹೂಂ ಎಂಬ ಮಾತು. ಅದಕ್ಕೆ ಬೆಲೆ ಹೋದರೆ ತಾನು ಯಾರು ಎಂದು ಯೋಚಿಸಿ ಅವರಿಗೆ ನಿಜವಾಗಿಯೂ ಭಯವಾಗುತ್ತಿತ್ತು. ಭಯವನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬಂತೆ ಬಾಯಿ ಬಿಗಿದುಕೊಂಡಿದ್ದರು.

ಆ ದಿನಗಳಲ್ಲೇ ಮಗಳು ಸಂಘಮಿತ್ರ ಅಂಗಡಿಯ ಮೇಲಿನ ಕೋಣೆಯಲ್ಲಿ ಗೇಮ್ ಸೆಂಟರ್ ತೆರೆದಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಗೌರಿಬಿದನೂರಿನ ಟಿ.ವಿ. ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಕಲಿತು ಬಂದ ಹುಡುಗಿ. ಹೆಣ್ಣುಮಗಳು ಗಂಡುಹುಡುಗರಿಗೆ ಆಟ ಆಡಿಸುವುದೇ ಎಂದು ಬೀದಿಯವರು ಒಂದು ವಾರ ಮೂಗೆಳೆದರು. ಆಮೇಲೆ ಅವರ ಮಕ್ಕಳೇ ಬಂದು ಬೆಂಚಿನ ಮೇಲೆ ಸಾಲಾಗಿ ಕೂತರು. ದೊಡ್ಡ ಎಲ್‌ಸಿಡಿ ಟಿ.ವಿ., ಅದರ ಕೆಳಗೆ ಆಟದ ಕನ್ಸೋಲ್, ಎರಡು ಪ್ಲಾಸ್ಟಿಕ್ ಕುರ್ಚಿ, ಇದೇ ಅವಳ ಬಂಡವಾಳ.

ಟಿ.ವಿ. ತಂದ ಮಾರನೆಯ ದಿನ ಮಧ್ಯಾಹ್ನ ಅವಳು ಮೆಟ್ಟಿಲ ಮೇಲಿಂದ ಕೂಗಿದಳು.

"ಅಮ್ಮಾ, ಬಾರಮ್ಮ ಮೇಲೆ. ಬಣ್ಣ ನೋಡ್ಬೇಕು."

"ಟಿ.ವಿ. ಓದಿರೋಳು ನೀನು. ನಾನೇನ್ ನೋಡ್ಲಿ?"

"ನಾನು ಓದಿರೋದು ಸೆಟ್ಟಿಂಗು. ಬಣ್ಣ ನಿನ್ನ ಕಣ್ಣಿಗೆ ಸರಿ ಅನ್ನಿಸ್ಬೇಕು."

ಅನಸೂಯಮ್ಮನವರಿಗೆ ಒಳಗೊಳಗೇ ಖುಷಿಯಾಯಿತು. ಸೆರಗು ಸಿಕ್ಕಿಸಿಕೊಂಡು ಹತ್ತಿಹೋದರು. ಹೋದವರೇ ಕಿಟಕಿ ತೆರೆಯಲು ಕೈಹಾಕಿದರೆ ಮಗಳು ತಡೆದಳು.

"ಬಿಸಿಲು ಬೇಡಮ್ಮ. ಟಿ.ವಿ. ಪರದೆ ಮೇಲೆ ಬೆಳಕು ಬಿದ್ರೆ ಕಪ್ಪು ಗೊತ್ತಾಗಲ್ಲ."

"ಬಣ್ಣ ನೋಡಕ್ಕೆ ಕತ್ತಲೆ ಮಾಡ್ಕೊಂಡು ಕೂರೋದಾ? ಒಳ್ಳೆ ವಸ್ತು ತಂದಿದೀಯ ಕಣಮ್ಮ."

ಮೊದಲು ಫುಟ್‌ಬಾಲ್ ಆಟ ಹಾಕಿದಳು. ಟಿ.ವಿ. ಮಾರುವ ಅಂಗಡಿಯಲ್ಲಿ ಗಿರಾಕಿಯ ಕಣ್ಣು ಸೆಳೆಯಲು ಏರಿಸಿಟ್ಟಿದ್ದ ಬಣ್ಣ ಇನ್ನೂ ಹಾಗೇ ಇತ್ತು. "ಇಂಥ ಹುಲ್ಲನ್ನ ದನಾನೂ ಮೂಸಲ್ಲ, ಇಳಿಸು" ಎಂದರು ಅನಸೂಯಮ್ಮ. ಮಗಳು ಇಳಿಸಿದಳು. ಆಟಗಾರರ ಮುಖಗಳು ಅರಿಶಿನ ಮೆತ್ತಿದಂತಿದ್ದವು, ಅದನ್ನೂ ತಿದ್ದಿಸಿದರು. ಕೆಂಪು ಅಂಗಿ ಕೆಂಪಾಯಿತು, ಹುಲ್ಲು ಹುಲ್ಲಾಯಿತು. ಅಲ್ಲಿಯವರೆಗೆ ತಾಯಿಗೂ ಮಗಳಿಗೂ ಒಂದಿಷ್ಟೂ ಭಿನ್ನಾಭಿಪ್ರಾಯ ಬರಲಿಲ್ಲ.

ಆಮೇಲೆ ಸಂಘಮಿತ್ರ ಕನ್ಸೋಲಿನ ಒಳಗೆ ಬಣ್ಣ ಕಳಿಸುವ ಸೆಟ್ಟಿಂಗಿಗೆ ಹೋದಳು. ಅಲ್ಲಿ ಎರಡು ಆಯ್ಕೆ, ಲಿಮಿಟೆಡ್ ಮತ್ತು ಫುಲ್.

"ದುಡ್ಡು ಕೊಟ್ಟು ತಂದಿದೀಯ, ಫುಲ್ಲೇ ಹಾಕು. ಕೇಳೋದೇನಿದೆ?"

"ಎಲ್ರೂ ಅಲ್ಲೇ ಎಡವೋದು. ಕನ್ಸೋಲು ದೊಡ್ಡ ಅಳತೇಲಿ ಅಳೆದು ಕೊಡುತ್ತೆ, ಈ ಟಿ.ವಿ. ಹಿಡ್ಕೊಳ್ಳೋದು ಚಿಕ್ಕ ಅಳತೇಲಿ. ತೀರಾ ಕಪ್ಪು, ತೀರಾ ಬಿಳುಪು ಎರಡೂ ಹೊರಗೆ ಚೆಲ್ಲಿಹೋಗುತ್ತೆ. ಕತ್ತಲೇಲಿರೋ ಗೋಡೆ, ಮರ, ಮನುಷ್ಯ ಎಲ್ಲ ಒಂದೇ ಮಸಿ ಆಗ್ಬಿಡುತ್ತೆ. ಈ ಟಿ.ವಿ.ಗೆ ಲಿಮಿಟೆಡ್ಡೇ ಸರಿ, ನೋಡು" ಎಂದು ಪೆನ್ ಡ್ರೈವಿನಿಂದ ಒಂದು ಚಿತ್ರ ತೆರೆದಳು.

ಚಿತ್ರವೆಂದರೆ ಕಪ್ಪು. ಅದರ ಮೇಲೆ ಸಾಲಾಗಿ ಪಟ್ಟಿಗಳು, ಅವೂ ಕಪ್ಪೇ, ಆದರೆ ಒಂದಕ್ಕಿಂತ ಒಂದು ಕೂದಲೆಳೆಯಷ್ಟು ತಿಳಿ. ಸೆಟ್ಟಿಂಗು ಸರಿಯಿದ್ದರೆ ಪಟ್ಟಿಗಳು ಬೇರೆಬೇರೆಯಾಗಿ ಕಾಣಬೇಕಂತೆ. ಫುಲ್ ಇದ್ದಾಗ ಇಬ್ಬರಿಗೂ ಏನೂ ಕಾಣಲಿಲ್ಲ. ಮಗಳು ಲಿಮಿಟೆಡ್‌ಗೆ ತಿರುಗಿಸಿದಳು.

"ಈಗ ಪಟ್ಟಿ ಬಂತಲ್ಲ?"

ಅನಸೂಯಮ್ಮ ಕಣ್ಣು ಕಿರಿದು ಮಾಡಿ ನೋಡಿದರು. "ಎಲ್ಲಿ ಬಂತು? ಹಂಗೇ ಇದೆ."

ಸಂಘಮಿತ್ರ ಒಮ್ಮೆ ಪರದೆ ನೋಡಿದಳು, ಒಮ್ಮೆ ಅಮ್ಮನನ್ನು ನೋಡಿದಳು. ಅಮ್ಮನಿಗೆ ಕಾಣದ ಬಣ್ಣ ತನಗೆ ಕಂಡಿತೆಂದು ಹೇಳುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವಳು ವೈರು ಕಿತ್ತು ಮತ್ತೆ ಚುಚ್ಚಿದಳು. ಟಿ.ವಿ. ಒಳಗೂ ಕಪ್ಪಿನದೊಂದು ಸೆಟ್ಟಿಂಗಿತ್ತು, ಅದನ್ನು ತಿರುಗಿಸಿದಳು. "ಈಗ?" ಇಲ್ಲ. ಬೆಳಕು ಸ್ವಲ್ಪ ಏರಿಸಿದಳು. "ಈಗ?" ಇಲ್ಲ. ಇನ್ನೂ ಏರಿಸಿದಳು. ಕಪ್ಪು ಎಂಬುದು ಒಲೆಯ ಬೂದಿಯಷ್ಟು ಬೆಳ್ಳಗಾದ ಮೇಲೆ ಅನಸೂಯಮ್ಮನವರ ಮುಖ ಅರಳಿತು.

"ಹಾಂ, ಈಗ ಕಾಣಿಸ್ತು ನೋಡು. ಅಲ್ಲೊಂದು, ಅಲ್ಲೊಂದು. ಆಗ್ಲೇ ಹಿಂಗೆ ಮಾಡೋದು ತಾನೆ?"

ಮಗಳು ರಿಮೋಟ್ ಕೆಳಗಿಟ್ಟಳು. "ಸರಿಯಮ್ಮ" ಎಂದಳು. ಅನಸೂಯಮ್ಮ ಗೆದ್ದ ಉತ್ಸಾಹದಲ್ಲಿ ಮೆಟ್ಟಿಲಿಳಿದರು. ನನ್ನ ಕಣ್ಣಿಗೇನೂ ಆಗಿಲ್ಲ, ಹೊಸ ಟಿ.ವಿ.ಯ ತಪ್ಪನ್ನೇ ಹಿಡಿದೆ ಎಂದು ರಾತ್ರಿ ಊಟದ ಹೊತ್ತಿಗೆ ಗಂಡನಿಗೂ ಹೇಳಿದರು.

ಆ ಭಾನುವಾರ ಮುನೇಶ ಎಂಬುವನು ಆಡಲು ಬಂದ. ಕಳವಾರ ಎಂಬ ಹಳ್ಳಿಯವನು, ಪೆಟ್ರೋಲ್ ಬಂಕಿನಲ್ಲಿ ಕೆಲಸ, ವಾರಕ್ಕೊಂದು ರಜೆಯನ್ನು ಕನ್ಸೋಲಿಗೇ ಮುಡಿಪಾಗಿಟ್ಟವನು. ಅನಸೂಯಮ್ಮ ಮೇಲೆ ಬಂದಿದ್ದಾಗಲೇ ಅವನು ಪರದೆ ತೋರಿಸಿ, "ಅಕ್ಕಾ, ಇದು ರಾತ್ರಿ ಸೀನಾ? ಬೆಳಗಿನ ಜಾವ ಆದಂಗಿದೆಯಲ್ಲ. ಕಳ್ಳ ಬಚ್ಚಿಟ್ಕೊಂಡಿರೋದು ದೂರದಿಂದಾನೇ ಕಾಣುತ್ತೆ, ಇದರಲ್ಲಿ ಆಟ ಏನಿದೆ?" ಎಂದು ನಕ್ಕ.

"ಕಾಣೋದು ತಪ್ಪಾ? ಕಣ್ಣು ಕಾಣ್ದೆ ಆಡೋದು ಆಟಾನಾ?" ಎಂದು ಅನಸೂಯಮ್ಮ ಗದರಿದರು. ಅವನು ಸಂಘಮಿತ್ರಳ ಕಡೆ ನೋಡಿದ. ಅವಳು, "ಅಮ್ಮ ಹೇಳಿದ್ದೇ ಸರಿ, ಆಡು ಮುನೇಶಣ್ಣ" ಎಂದಳು. ಅವನು ಆಟಕ್ಕೆ ತಿರುಗಿದ.

ಕೆಲವು ದಿನ ಕಳೆದವು. ಮೇಲಿನ ಕೋಣೆಗೆ ಜನ ಕಡಿಮೆಯೇನೂ ಆಗಲಿಲ್ಲ, ಅದೇ ಅನಸೂಯಮ್ಮನವರಿಗೆ ಸಮಾಧಾನ. ಒಂದು ಸಂಜೆ ಗಿರಾಕಿಗಳಿಲ್ಲದ ಹೊತ್ತು ನೋಡಿ, ಮಗಳಿಗೆ ಮಜ್ಜಿಗೆ ಕೊಡೋಣವೆಂದು ಲೋಟ ಹಿಡಿದು ಮೆಟ್ಟಿಲು ಹತ್ತಿದರು. ಚಪ್ಪಲಿ ಕೆಳಗೇ ಬಿಟ್ಟಿದ್ದರಿಂದ ಸದ್ದಾಗಲಿಲ್ಲ. ಬಾಗಿಲು ಅರ್ಧ ತೆರೆದಿತ್ತು.

ಒಳಗೆ ಬಂಕಿನ ಕೆಲಸ ಮುಗಿಸಿ ಬಂದ ಮುನೇಶ ಕೂತಿದ್ದ. ಅನಸೂಯಮ್ಮನವರ ಕಣ್ಣಿಗೆ ಟಿ.ವಿ. ಆರಿಸಿದ ಹಾಗೆ ಕಂಡಿತು. ಮೂಲೆಯಲ್ಲೆಲ್ಲೋ ಒಂದು ದೀಪದ ಚುಕ್ಕೆ, ಮಿಕ್ಕಿದ್ದೆಲ್ಲ ಕಗ್ಗತ್ತಲು. ಆದರೆ ಮುನೇಶನ ಬೆರಳುಗಳು ಓಡಾಡುತ್ತಿದ್ದವು. "ಗೋಡೆ ಹಿಂದೆ ಇದಾನೆ ನೋಡಕ್ಕಾ, ಕೋಟಿನ ಅಂಚು ಕಾಣ್ತಿದೆ" ಎನ್ನುತ್ತಿದ್ದ. ಬೆಂಚಿನ ಮೇಲಿದ್ದವರೆಲ್ಲ ಆ ಕತ್ತಲಿನ ಒಂದೇ ಜಾಗವನ್ನು ನೋಡುತ್ತಿದ್ದರು. ಎಲ್ಲರಿಗೂ ಏನೋ ಕಾಣುತ್ತಿತ್ತು.

"ಬೇಗ ಮುಗಿಸು ಮುನೇಶಣ್ಣ" ಎಂದಳು ಸಂಘಮಿತ್ರ. "ಅಮ್ಮ ಬರೋ ಹೊತ್ತಾಯ್ತು, ಬೆಳಕು ಏರಿಸ್ಬೇಕು."

"ಹೇಳಿಬಿಡಬಾರದೇನಕ್ಕಾ ಅಮ್ಮನಿಗೆ?"

"ಏನಂತ ಹೇಳ್ಲಿ?" ಎಂದಳು ಅವಳು.

ಅನಸೂಯಮ್ಮ ಮಜ್ಜಿಗೆಯ ಲೋಟ ಹಿಡಿದುಕೊಂಡೇ ಇಳಿದು ಬಂದರು. ಮೊದಲು ಬಂದದ್ದು ಸಿಟ್ಟು. ಹೆತ್ತ ಮಗಳು ತನ್ನೆದುರಿಗೆ ಒಂದು ಟಿ.ವಿ., ಬೆನ್ನ ಹಿಂದೆ ಒಂದು ಟಿ.ವಿ. ಇಟ್ಟುಕೊಂಡಿದ್ದಾಳೆ, ಅದೂ ಆ ಹುಡುಗರ ಮುಂದೆ. ಆಮೇಲೆ ಸಿಟ್ಟು ಜಾರಿತು, ಅದರ ಜಾಗದಲ್ಲಿ ಬಂದದ್ದು ನಾಚಿಕೆ. ತಾನು ಮೆಟ್ಟಿಲು ಹತ್ತಿದಾಗಲೆಲ್ಲ ಆ ಹುಡುಗಿ ಆಟ ಕೆಡಿಸಿಕೊಂಡು, ಕತ್ತಲೆಗೆ ಬೂದಿ ಬಳಿದು, ತನಗೆ ಕಣ್ಣು ಕಾಣುತ್ತಿದೆ ಎಂಬ ಭ್ರಮೆಯನ್ನು ಕಾಪಾಡಿದ್ದಳು. ಸ್ಟೂಲಿನ ಮೇಲೆ ಕೂತು ಅನಸೂಯಮ್ಮ ಅತ್ತರು. ಗಿರಾಕಿ ಬಂದರೆ ಎಂದು ಬಾಗಿಲ ಕಡೆ ನೋಡುತ್ತಲೇ ಅತ್ತರು. ಮಜ್ಜಿಗೆಯನ್ನು ತಾವೇ ಕುಡಿದರು.

ಮರುದಿನ ಬೆಳಿಗ್ಗೆ ಬಂದವರು ಪೇರೇಸಂದ್ರದ ಲಕ್ಷ್ಮೀನರಸಮ್ಮ. ಮಾತಿನಲ್ಲಿ ತೆಲುಗು ಬೆರೆಸುವ ಹಳೆಯ ಗಿರಾಕಿ, ಮೊಮ್ಮಗಳು ಚೈತ್ರಳ ನಿಶ್ಚಿತಾರ್ಥದ ಸೀರೆ ತಂದಿದ್ದರು. ಚೈತ್ರಳೂ ಜೊತೆಗಿದ್ದಳು. ಸೀರೆ ಬಿಡಿಸಿದರೆ ಕಡು ನೀಲಿ, ಅಂಚಿಗೆ ಸಣ್ಣ ಜರಿ.

"ನೇವಿ ಬ್ಲೂ ಆಂಟಿ. ಕರೆಕ್ಟಾಗಿ ಮ್ಯಾಚ್ ಆಗ್ಬೇಕು, ಫೋಟೋ ತೆಗೀತಾರೆ" ಎಂದಳು ಚೈತ್ರ.

ಅನಸೂಯಮ್ಮನವರ ಕೈ ಅಭ್ಯಾಸಬಲದಿಂದ ನೀಲಿಗಳ ಸಾಲಿಗೆ ಹೋಯಿತು. ಎರಡು ಸುರುಳಿ ತೆಗೆದು, ಸೀರೆಯನ್ನೂ ಎತ್ತಿಕೊಂಡು ರಸ್ತೆಗಿಳಿದರು. ಬಿಸಿಲು ಚೆನ್ನಾಗಿತ್ತು. ಸೆರಗನ್ನು ಬಟ್ಟೆಯ ಮೇಲೆ ಹಾಸಿದರು, ಮಡಿಸಿದರು, ತಿರುವಿದರು. ಸೀರೆ, ಮೊದಲ ಸುರುಳಿ, ಎರಡನೆಯದು, ಮೂರೂ ಅವರಿಗೆ ಒಂದೇ ಕಪ್ಪು. ಸುಮ್ಮನೆ ಒಂದಕ್ಕೆ ಹೂಂ ಎಂದುಬಿಡಬಹುದಿತ್ತು. ಸರಿಯಾಗಿದ್ದರೂ ಇರಬಹುದಿತ್ತು. ನಾಲಗೆಯ ತುದಿಯವರೆಗೆ ಬಂದಿತ್ತು ಆ ಮಾತು.

"ನನಗೆ ಗೊತ್ತಾಗ್ತಿಲ್ಲಮ್ಮ" ಎಂದರು ಅನಸೂಯಮ್ಮ.

ಲಕ್ಷ್ಮೀನರಸಮ್ಮನವರಿಗೆ ಅದು ತಲೆಗೆ ಹತ್ತಲಿಲ್ಲ. "ಏಮ್ಮಾ, ಹಂಗಂದ್ರೇನು? ನಿನಗೆ ಗೊತ್ತಾಗ್ದೆ ಇನ್ಯಾರಿಗೆ ಗೊತ್ತಾಗುತ್ತೆ? ನಮ್ಮ ದೊಡ್ಡ ಮಗಳ ಮದುವೆಗೂ ನೀನೇ ಕದಾ ಕೊಟ್ಟಿದ್ದು?"

"ಆಗ ಕಾಣ್ತಿತ್ತು. ಈಗ ಕಡು ಬಣ್ಣ ಎಲ್ಲ ಒಂದೇ ಥರ ಕಾಣುತ್ತೆ. ಕಣ್ಣಿಗೆ ಪೊರೆ ಬಂದಿರ್ಬೇಕು, ನಿಮಗೆ ಸುಳ್ಳು ಹೇಳಿ ಕೊಡಕ್ಕಾಗಲ್ಲ." ಹೇಳಿ ಮುಗಿಸಿದಾಗ ಅವರಿಗೆ ಆಶ್ಚರ್ಯವಾಯಿತು. ರಸ್ತೆ ಇದ್ದ ಹಾಗೇ ಇತ್ತು, ಎದುರಿನ ಅಂಗಡಿಯವನು ಹೂವಿಗೆ ನೀರು ಚಿಮುಕಿಸುತ್ತಿದ್ದ. ಅವರು ತಲೆಯೆತ್ತಿ ಮೇಲಿನ ಕೋಣೆಯ ಕಡೆ ಕೂಗಿದರು. "ಸಂಘಮಿತ್ರಾ, ಕೆಳಗೆ ಬಾ. ಬಣ್ಣ ನೋಡ್ಬೇಕು."

ಸಂಘಮಿತ್ರ ಬಂದಳು. ಅಮ್ಮ ಸೀರೆಯನ್ನೂ ಸುರುಳಿಗಳನ್ನೂ ಅವಳ ಕೈಗೆ ಹಾಕಿದರು. ಅವಳು ಬಟ್ಟೆಯನ್ನು ಬಿಟ್ಟು ಅಮ್ಮನ ಮುಖವನ್ನೇ ನೋಡಿದಳು, ಅಲ್ಲಿ ಉತ್ತರ ಹುಡುಕುವವಳ ಹಾಗೆ.

"ನನ್ನ ಮುಖದಲ್ಲೇನ್ ಬಣ್ಣ ಇದೆ? ಬಟ್ಟೆ ನೋಡು" ಎಂದರು ಅನಸೂಯಮ್ಮ. ಆಮೇಲೆ ದನಿ ತಗ್ಗಿಸಿ, "ನಿನ್ನೆ ಸಂಜೆ ಮೇಲೆ ಬಂದಿದ್ದೆ ಕಣೇ. ಬಾಗಿಲಲ್ಲಿ ನಿಂತಿದ್ದೆ" ಎಂದರು.

ಮಗಳ ಕಣ್ಣು ತುಂಬಿತು. "ಅಮ್ಮಾ, ಅದು..." ಎಂದು ಶುರುಮಾಡಿದವಳನ್ನು ಅನಸೂಯಮ್ಮ ಕೈಸನ್ನೆಯಲ್ಲೇ ತಡೆದರು. ಗಿರಾಕಿ ನಿಂತಿರುವಾಗ ಅಳುವುದು ಅವರಿಗೆ ಸೇರದು.

ಸಂಘಮಿತ್ರ ಮೂಗು ಒರೆಸಿಕೊಂಡು ಬಟ್ಟೆ ನೋಡಿದಳು. "ಇದು ಕಪ್ಪಮ್ಮ. ಇದೂ ಅಲ್ಲ, ನೇರಳೆ ಹೊಡೀತಿದೆ." ಒಳಗೆ ಹೋಗಿ ಸಾಲು ಸಾಲಾಗಿ ಹುಡುಕಿ, ಕಪ್ಪುಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಸುರುಳಿಯನ್ನು ಎಳೆದು ತಂದಳು. ಅದನ್ನು ಅಲ್ಲಿ ಜೋಡಿಸಿದ್ದು ಯಾರೆಂದು ಯಾರೂ ಕೇಳಲಿಲ್ಲ. ಬಿಸಿಲಿಗೆ ಹಿಡಿದಳು, ಹಾಸಿದಳು, ಮಡಿಸಿದಳು. ಬಹಳ ಹೊತ್ತು ನೋಡಿದಳು. "ಇದು ಸರಿ" ಎಂದಳು.

ಅನಸೂಯಮ್ಮ ಒಳಗೆ ಬಂದು ಕತ್ತರಿ ಎತ್ತಿಕೊಂಡರು. ತಮ್ಮ ಕಣ್ಣು ಒಪ್ಪದ ಬಟ್ಟೆಗೆ ಅವರು ಅಂದಿನವರೆಗೆ ಕತ್ತರಿ ಹಾಕಿದವರಲ್ಲ. ಒಂದು ಗಳಿಗೆ ಹಿಡಿದು ನಿಂತರು, ಆಮೇಲೆ ಒಂದೇ ಸಮನೆ ಕತ್ತರಿಸಿದರು.

"ಸರಿಯಾಗಿದೆ ಅಂತೀಯಾ?" ಲಕ್ಷ್ಮೀನರಸಮ್ಮನವರಿಗೆ ಇನ್ನೂ ಅನುಮಾನ.

"ನನ್ನ ಮಗಳು ನೋಡಿದಾಳೆ" ಎಂದು ಅನಸೂಯಮ್ಮ ಬಟ್ಟೆ ಮಡಿಸಿ ಕವರಿಗೆ ಹಾಕಿದರು.

ಸೋಮವಾರ ಕಣ್ಣಾಸ್ಪತ್ರೆಗೆ ಹೋಗುವುದೆಂದು ಮಧ್ಯಾಹ್ನ ಅವರೇ ಫೋನ್ ಮಾಡಿ ಗಂಡನಿಗೆ ತಿಳಿಸಿದರು. ಶಿಡ್ಲಘಟ್ಟದಲ್ಲಿ ಹರಾಜಿನ ಗದ್ದಲದ ನಡುವೆ ನಿಂತಿದ್ದ ಮುನಿಶಾಮಿ ತಾವು ಕೇಳಿಸಿಕೊಂಡದ್ದು ನಿಜವೇ ಎಂದು ಎರಡೆರಡು ಸಲ ಹೇಳಿಸಿದರು. ಆಮೇಲೆ ಅನಸೂಯಮ್ಮ ಅಂಗಡಿಯ ಬಾಗಿಲು ಮುಂದಕ್ಕೆಳೆದು ಮೇಲೆ ಹೋದರು. ಆಡುವವರು ಇನ್ನೂ ಬಂದಿರಲಿಲ್ಲ.

"ಟಿ.ವಿ. ಸರಿ ಮಾಡು. ನಿನ್ನ ಕಣ್ಣಿಗೆ ಹೆಂಗೆ ಸರಿಯೋ ಹಂಗೆ" ಎಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಕಿಟಕಿ ಮುಚ್ಚಿದವರೂ ಅವರೇ.

ಸಂಘಮಿತ್ರ ಕಪ್ಪು ಪಟ್ಟಿಗಳ ಚಿತ್ರ ಹಾಕಿದಳು. ಕನ್ಸೋಲಿನಲ್ಲಿ ಲಿಮಿಟೆಡ್ ಇದೆಯೇ ಎಂದು ನೋಡಿದಳು, ಟಿ.ವಿ.ಯ ಬೆಳಕನ್ನು ಇಳಿಸುತ್ತಾ ಬಂದಳು. ಅನಸೂಯಮ್ಮನವರಿಗೆ ಒಂದೊಂದೇ ಪಟ್ಟಿ ಮಾಯವಾಗುತ್ತಾ ಹೋಯಿತು. ಕೊನೆಗೆ ಏನೂ ಉಳಿಯಲಿಲ್ಲ. ಅಲ್ಲಿಗೆ ಮಗಳು ಕೈ ನಿಲ್ಲಿಸಿ ಆಟ ಶುರುಮಾಡಿದಳು.

"ಈಗ ಏನಿದೆ ಅಲ್ಲಿ?"

"ಒಂದು ಓಣಿ ಇದೆಯಮ್ಮ. ಎಡಗಡೆ ಕಲ್ಲಿನ ಗೋಡೆ, ಅದರ ಮೇಲೆ ಬಳ್ಳಿ ಹಬ್ಬಿದೆ."

"ಬಳ್ಳಿ ಯಾವ ಬಣ್ಣ?"

"ಕಪ್ಪು ಹಸಿರು. ಬಾವಿಯೊಳಗಿನ ಪಾಚಿ ಥರ."

"ಆಮೇಲೆ?"

"ಓಣಿ ಕೊನೇಲಿ ಒಬ್ಬ ನಿಂತಿದಾನೆ. ಉದ್ದ ಕೋಟು, ಕಪ್ಪಲ್ಲ, ಕಡು ನೀಲಿ."

ಅನಸೂಯಮ್ಮ ಆ ಕತ್ತಲನ್ನು ಬಹಳ ಹೊತ್ತು ನೋಡಿದರು. ಸಂಘಮಿತ್ರ ತಿರುಗಿ, "ಬೆಳಕು ಸ್ವಲ್ಪ ಏರಿಸ್ಲಾ ಅಮ್ಮಾ?" ಎಂದಳು.

"ಬೇಡ ಕಣೇ. ಇರೋ ಹಂಗೇ ಇರ್ಲಿ. ನೀನು ಹೇಳ್ತಾ ಹೋಗು, ನಾನು ಕೇಳ್ತೀನಿ."